ಟಮ್ಮಿ ಟಕ್ ಆಗಿ ವರ್ಷವಾದರೂ ಇಳಿಯದ ಊತ, ಬಿಡದ ನೋವು

ಹೊಟ್ಟೆಯ ಜೋತುಬಿದ್ದ ಚರ್ಮ ತೆಗೆದು, ಸಡಿಲಾದ ಸ್ನಾಯುಗಳನ್ನು ಹೊಲಿದು ಬಿಗಿ ಮಾಡುವ ‘ಟಮ್ಮಿ ಟಕ್’ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬರೆದ ಪತ್ರಗಳಿಗೆ ಈ ಸಲದ ಪುಟಗಳು ಮೀಸಲು. ಗಾಯ ಮಾಗಿ ತಿಂಗಳುಗಳೇ ಕಳೆದರೂ ಊತವೋ ನೋವೋ ಉಳಿದಿದೆ ಎಂಬುದು ಎಲ್ಲರ ದೂರು. ಆದರೆ ಕಾರಣ ಒಬ್ಬೊಬ್ಬರದೂ ಬೇರೆ. ಊತ ಎಲ್ಲಿದೆ, ಯಾವ ಹೊತ್ತಿಗೆ ಏರುತ್ತದೆ, ಮುಟ್ಟಿದರೆ ಹೇಗಿದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಪ್ರಶ್ನೆ: ನನಗೆ 41 ವರ್ಷ. ಎರಡು ಸಿಸೇರಿಯನ್ ಆಗಿವೆ. ಟಮ್ಮಿ ಟಕ್ ಆಗಿ 14 ತಿಂಗಳಾಯಿತು. ಬೆಳಿಗ್ಗೆ ಹೊಟ್ಟೆ ಚಪ್ಪಟೆಯಾಗೇ ಇರುತ್ತದೆ. ಸಂಜೆ ಹೊತ್ತಿಗೆ ಹೊಕ್ಕುಳ ಕೆಳಗೆ ದಪ್ಪಗಾಗಿ, ಚೂಡಿದಾರದ ಲಾಡಿ ಒತ್ತಿದ ಗೆರೆ ಆಳವಾಗಿ ಮೂಡುತ್ತದೆ. ಡಾಕ್ಟರು ‘ಇದು ಮಾಮೂಲು, ಕಾಯಿರಿ’ ಅನ್ನುತ್ತಾರೆ. ಇನ್ನೆಷ್ಟು ದಿನ ಕಾಯಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಬೆಳಿಗ್ಗೆ ಇಳಿದು ಸಂಜೆ ಏರುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಉಪಯೋಗವಾದ ಮಾತು ಅದೇ. ಇಂಥ ಊತ ಹೆಚ್ಚಾಗಿ ದುಗ್ಧರಸದ್ದು (ಲಿಂಫ್), ಅಂದರೆ ಅಂಗಾಂಶಗಳಿಂದ ಒಸರಿ ತನ್ನದೇ ನಾಳಗಳಲ್ಲಿ ಹರಿಯುವ ತಿಳಿ ದ್ರವದ್ದು. ಹೊಕ್ಕುಳಿನಿಂದ ಕೆಳಗಿನ ಚರ್ಮದ ದುಗ್ಧರಸ ತೊಡೆಸಂದಿನ ಗಂಟುಗಳಿಗೆ ಇಳಿಯುತ್ತದೆ, ಮೇಲಿನ ಚರ್ಮದ್ದು ಕಂಕುಳಿನ ಕಡೆಗೆ ಹೋಗುತ್ತದೆ. ಟಮ್ಮಿ ಟಕ್‌ನಲ್ಲಿ ಹೊಕ್ಕುಳ ಕೆಳಗಿನ ಚರ್ಮವನ್ನೇ ಕತ್ತರಿಸಿ ತೆಗೆದು, ಮೇಲಿನ ಚರ್ಮವನ್ನು ಪಕ್ಕೆಲುಬಿನ ತನಕ ಬಿಡಿಸಿ ಕೆಳಗೆಳೆದು ಹೊಲಿಯುತ್ತಾರೆ. ಸೊಂಟದಿಂದ ಸೊಂಟಕ್ಕೆ ಹೋಗುವ ಆ ಉದ್ದನೆಯ ಗಾಯದ ಗೆರೆ ಬದುವಿನ ಹಾಗೆ ಅಡ್ಡ ನಿಲ್ಲುತ್ತದೆ. ಇಡೀ ದಿನ ನಿಂತು ಕೂತು ಓಡಾಡಿದಾಗ ರಸ ಕೆಳಗೆ ಇಳಿದು ಬದುವಿನ ಮೇಲ್ಗಡೆ ನಿಲ್ಲುತ್ತದೆ, ರಾತ್ರಿ ಮಲಗಿದಾಗ ಹಂಚಿಹೋಗುತ್ತದೆ. ಹೊಸ ದಾರಿಗಳು ತೆರೆದುಕೊಳ್ಳಲು ತಿಂಗಳುಗಳೇ ಬೇಕು. ಮೊದಲ ಮೂರು ತಿಂಗಳಲ್ಲಿ ಬಹುಪಾಲು ಇಳಿಯುತ್ತದೆ, ಉಳಿದ ಸ್ವಲ್ಪ 6ರಿಂದ 12 ತಿಂಗಳು ಹಿಡಿಯುತ್ತದೆ. ಜತೆಯಲ್ಲಿ ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ಕೂಡ ಆಗಿದ್ದರೆ ಇನ್ನೂ ನಿಧಾನ.

ನಿಮಗೆ 14 ತಿಂಗಳಾಗಿದೆ. ‘ಕಾಯಿರಿ’ ಎಂಬ ಮಾತು ಮೂರನೇ ತಿಂಗಳಲ್ಲಿ ಸರಿ. ವರ್ಷ ದಾಟಿದ ಮೇಲೆ ಕೈಯಿಟ್ಟು ನೋಡದೆ, ಒಂದು ಸ್ಕ್ಯಾನ್ ಕೂಡ ಮಾಡಿಸದೆ ಹಾಗೆ ಹೇಳುವುದು ಸರಿಯಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮೊದಲು ಮನೆಯಲ್ಲೇ ಮೂರು ಪರೀಕ್ಷೆ ಮಾಡಿ. ಸಂಜೆ ಊತ ಇದ್ದಾಗ ಗಾಯದ ಗೆರೆಗಿಂತ ಎರಡು ಬೆರಳು ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಹಿಡಿದು ಬಿಡಿ. ಕಲಸಿದ ಚಪಾತಿ ಹಿಟ್ಟಿನಲ್ಲಿ ಬೆರಳೂರಿದ ಹಾಗೆ ಗುಳಿ ಉಳಿದರೆ ರಸ ಚರ್ಮದ ಪದರದಲ್ಲೇ ಇದೆ. ಎರಡನೆಯದು, ಅದೇ ಜಾಗವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ. ಹಿಡಿದ ಮಡಿಕೆಯೇ ದಪ್ಪವಾಗಿದ್ದರೆ ಊತ ಚರ್ಮದಡಿಯದ್ದು. ಮಡಿಕೆ ತೆಳ್ಳಗಿದ್ದು ಹೊಟ್ಟೆ ಮಾತ್ರ ತಮಟೆಯಂತೆ ಬಿಗಿದು ಬಡಿದರೆ ಢಬ್ ಎಂದರೆ ಅದು ಕರುಳಿನ ಗ್ಯಾಸ್. ಸ್ನಾಯು ಬಿಗಿ ಮಾಡಿದ ಹೊಟ್ಟೆಗೆ ಮೊದಲಿನ ಹಾಗೆ ಹಿಗ್ಗಲು ಜಾಗವಿಲ್ಲ. ಹಾಗಾಗಿ ಮುಂಚೆ ಗೊತ್ತೇ ಆಗದಿದ್ದ ಗ್ಯಾಸು, ಮಲಬದ್ಧತೆ ಈಗ ಉಸಿರು ಕಟ್ಟುವಷ್ಟು ಬಿಗಿತ ಕೊಡುತ್ತವೆ. ಮೂರನೆಯದು, ಅಂಗಾತ ಮಲಗಿ ಮನೆಯವರಿಂದ ಹೊಟ್ಟೆಯ ಒಂದು ಪಕ್ಕ ಮೆಲ್ಲಗೆ ತಟ್ಟಿಸಿ, ಇನ್ನೊಂದು ಪಕ್ಕದಲ್ಲಿ ನಿಮ್ಮ ಅಂಗೈ ಇಡಿ. ನೀರು ತುಂಬಿದ ಬಲೂನಿನಂತೆ ಚರ್ಮದಡಿ ಅಲೆ ಓಡಿದರೆ ನೀರು ಒಂದು ಚೀಲವಾಗಿ ನಿಂತಿರಬಹುದು. ಅದರ ಬಗ್ಗೆ ಮುಂದಿನ ಉತ್ತರದಲ್ಲಿ ಹೇಳಿದ್ದೇವೆ.

ಈ ಮೂರರಲ್ಲಿ ಏನೇ ಕಂಡರೂ, 14 ತಿಂಗಳಾದ್ದರಿಂದ ಹೊಟ್ಟೆಯ ಗೋಡೆಯ ಅಲ್ಟ್ರಾಸೌಂಡ್ ಒಂದು ಆಗಲಿ. ಚೀಟಿಯಲ್ಲಿ ಬರೀ ‘ಹೊಟ್ಟೆಯ ಸ್ಕ್ಯಾನ್’ ಎಂದು ಬರೆದರೆ ಲಿವರ್, ಕಿಡ್ನಿ ನೋಡಿ ‘ನಾರ್ಮಲ್’ ಎಂದು ಕೊಟ್ಟು ಕಳಿಸುತ್ತಾರೆ. ‘ಹೊಟ್ಟೆಯ ಮುಂಗೋಡೆ, ಚರ್ಮದಡಿಯ ಪದರ’ ಎಂದು ವೈದ್ಯರಿಂದ ಬರೆಸಿಕೊಂಡು ಹೋಗಿ. ಪಾದವೂ ಊದುತ್ತಿದ್ದರೆ, ಮುಖ ಬೀಗುತ್ತಿದ್ದರೆ ಥೈರಾಯ್ಡ್, ಮೂತ್ರದಲ್ಲಿ ಪ್ರೋಟೀನ್, ರಕ್ತದ ಆಲ್ಬುಮಿನ್ ಪರೀಕ್ಷೆಗಳೂ ಬೇಕು. ಆಗ ಇಡೀ ಊತವನ್ನು ಟಮ್ಮಿ ಟಕ್ ತಲೆಗೆ ಕಟ್ಟುವಂತಿಲ್ಲ.

ಸ್ಕ್ಯಾನ್‌ನಲ್ಲಿ ಚೀಲವಿಲ್ಲ, ಬರೀ ಪದರದ ಊತ ಎಂದು ಬಂದರೆ ಮಾಡಬೇಕಾದದ್ದು ಸುಲಭ, ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಊತ ತಡೆಯಲು ಹಾಕುವ ಬಿಗಿ ಬಟ್ಟೆಯನ್ನು (ಕಂಪ್ರೆಷನ್ ಗಾರ್ಮೆಂಟ್) ಊತ ಏರಿದ ಮೇಲಲ್ಲ, ಬೆಳಿಗ್ಗೆ ಮಂಚದಿಂದ ಇಳಿಯುವ ಮುಂಚೆ ಹಾಕಿಕೊಳ್ಳಿ. ಅದು ಮೊಲೆಯ ಕೆಳಗಿನಿಂದ ತೊಡೆಸಂದಿನ ಕೆಳಗಿನವರೆಗೆ ಒಂದೇ ಸಮನಾಗಿ ಒತ್ತಬೇಕು. ಸೊಂಟದಲ್ಲಿ ಮಡಿಚಿ ಸುತ್ತಿಕೊಳ್ಳುವ ಬೆಲ್ಟು ಇದಕ್ಕೆ ಆಗುವುದಿಲ್ಲ, ಮಡಿಕೆ ಬಿದ್ದ ಕಡೆ ಹಗ್ಗ ಬಿಗಿದಂತಾಗಿ ಅದರ ಮೇಲ್ಗಡೆ ಇನ್ನಷ್ಟು ಊದುತ್ತದೆ. ಲಾಡಿ ಗಂಟು ಗಾಯದ ಗೆರೆಯ ಮೇಲೆ ಕೂರದ ಹಾಗೆ ಅಗಲ ಎಲಾಸ್ಟಿಕ್‌ನ ಉಡುಪು ಹಾಕಿಕೊಳ್ಳಿ. ಮಸಾಜಿನಲ್ಲಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು ಬೇಡ. ಬಾಣಂತಿಗೆ ಹೊಟ್ಟೆ ತಿಕ್ಕಿ ಬಟ್ಟೆ ಬಿಗಿಯುವ ಕೈ ಇಲ್ಲಿ ನಡೆಯದು. ಚರ್ಮವಷ್ಟೇ ಜರುಗುವಷ್ಟು ಹಗುರವಾಗಿ, ಗಾಯದ ಗೆರೆಯ ಮೇಲಿನ ಭಾಗದಿಂದ ಎರಡೂ ಕಂಕುಳಿನ ದಿಕ್ಕಿಗೆ, ದಿನಕ್ಕೆರಡು ಸಲ ಹತ್ತು ನಿಮಿಷ ಸವರಿದರೆ ಸಾಕು. ದುಗ್ಧರಸದ ಮಸಾಜ್ ಕಲಿತ ಫಿಸಿಯೋಥೆರಪಿಸ್ಟ್ ಹತ್ತಿರ ನಾಲ್ಕಾರು ಸಲ ಹೋಗಿ ಕೈಯ ಹದ ಕಲಿತುಕೊಳ್ಳುವುದು ಒಳ್ಳೆಯದು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಸಾರಿನ ಉಪ್ಪು ಕಡಿಮೆ ಮಾಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಹಾಗೇ ಉಳಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ನೀರು ಇಳಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ದುಗ್ಧರಸದ ಊತಕ್ಕೆ ಅದು ನಾಟುವುದಿಲ್ಲ, ಪೊಟ್ಯಾಸಿಯಂ ಇಳಿದು ಬೇರೆ ತೊಂದರೆ ಬರುತ್ತದೆ.

ಹೊಕ್ಕುಳ ಮಟ್ಟದಲ್ಲಿ, ಅದಕ್ಕೆ ನಾಲ್ಕು ಬೆರಳು ಕೆಳಗೆ, ಗಾಯದ ಗೆರೆಯ ಮೇಲೆ ಹೀಗೆ ಮೂರು ಕಡೆ ಟೇಪಿನಿಂದ ಬೆಳಿಗ್ಗೆ ಸಂಜೆ ಅಳೆದು ಎರಡು ವಾರ ಬರೆದಿಡಿ. ಸಂಜೆಗೆ ಒಂದೆರಡು ಸೆಂಟಿಮೀಟರ್ ಹೆಚ್ಚುವುದು ಆಪರೇಷನ್ ಆಗದವರಲ್ಲೂ ಉಂಟು. ಬೆಳಗಿನ ಅಳತೆಯೇ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದು ಈ ಊತವಲ್ಲ, ಬೇಗ ತೋರಿಸಿ.

ಪ್ರಶ್ನೆ: ಡ್ರೈನ್ ಪೈಪನ್ನು ಐದನೇ ದಿನವೇ ತೆಗೆದರು. ಆಗಲೂ ಬಾಟಲಿಯಲ್ಲಿ ದಿನಕ್ಕೆ 80 ಎಂಎಲ್ ಬರುತ್ತಿತ್ತು. ಆಮೇಲೆ ಆರು ಸಲ ಸೂಜಿಯಿಂದ ನೀರು ತೆಗೆದಿದ್ದಾರೆ. ಪ್ರತಿ ಸಲವೂ ನೂರರ ಆಸುಪಾಸು. ಈಗ 7 ತಿಂಗಳು. ಹೊಕ್ಕುಳ ಕೆಳಗೆ ತೆಂಗಿನ ಚಿಪ್ಪು ಬೋರಲು ಹಾಕಿದಂಥ ಗಟ್ಟಿ ಉಬ್ಬು. ಜಗ್ಗುವ ನೋವು.
— ಎಸ್., ಹುಬ್ಬಳ್ಳಿ

ಉತ್ತರ: ಇದಕ್ಕೆ ಸೆರೋಮಾ ಎನ್ನುತ್ತಾರೆ. ಟಮ್ಮಿ ಟಕ್‌ನ ತೊಡಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಚರ್ಮವನ್ನು ಸ್ನಾಯುವಿನಿಂದ ಬಿಡಿಸಿದಾಗ ನಡುವೆ ಅಷ್ಟಗಲದ ಖಾಲಿ ಜಾಗ ಉಳಿಯುತ್ತದೆ. ಎರಡೂ ಮೈ ಅಂಟಿಕೊಳ್ಳುವ ತನಕ ಅಲ್ಲಿ ಒಣಹುಲ್ಲಿನ ಬಣ್ಣದ ನೀರು ಒಸರುತ್ತಲೇ ಇರುತ್ತದೆ. ಡ್ರೈನ್ ಇಡುವುದು ಆ ನೀರು ನಿಲ್ಲದೆ ಹರಿದುಹೋಗಿ ಎರಡು ಮೈ ಕೂಡಲಿ ಎಂದು. ಸಾಮಾನ್ಯವಾಗಿ 24 ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಎಂದು ಎರಡು ದಿನ ಸತತ ಬಂದ ಮೇಲೆ ಪೈಪು ತೆಗೆಯುತ್ತಾರೆ. ದಿನದ ಲೆಕ್ಕಕ್ಕಿಂತ ಬಾಟಲಿಯ ಲೆಕ್ಕ ಮುಖ್ಯ. 80 ಬರುವಾಗ ತೆಗೆದದ್ದು ಬೇಗವಾಯಿತು.

ಸೂಜಿಯಿಂದ ತೆಗೆದಾಗಿನ ಅಳತೆಗಳ ಸಾಲನ್ನು ನೋಡಬೇಕು. ವಾರಕ್ಕೊಮ್ಮೆ ತೆಗೆದಾಗ 200, 120, 60, 20 ಎಂದು ಇಳಿಯುತ್ತಾ ಬಂದರೆ ಜಾಗ ಮುಚ್ಚುತ್ತಿದೆ ಎಂದರ್ಥ. ನಿಮ್ಮಲ್ಲಿ ಆರು ಸಲವೂ ನೂರರ ಆಸುಪಾಸು. ಅಂದರೆ ಒಳಗೆ ಚೀಲ ಕಟ್ಟಿದೆ. ತಿಂಗಳುಗಟ್ಟಲೆ ನೀರು ನಿಂತರೆ ದೇಹ ಅದರ ಸುತ್ತ ನಾರಿನ ಗೋಡೆ ಕಟ್ಟಿಬಿಡುತ್ತದೆ. ಆ ಗೋಡೆಯ ಒಳಮೈ ಕೆನ್ನೆಯ ಒಳಭಾಗದಂತೆ ನುಣುಪು. ನುಣುಪಿಗೆ ನುಣುಪು ಅಂಟುವುದಿಲ್ಲ. ಎಷ್ಟು ಸಲ ಬರಿದು ಮಾಡಿದರೂ ಮತ್ತೆ ತುಂಬುತ್ತದೆ. ಕಾಲಕ್ರಮೇಣ ಗೋಡೆ ಮುದುಡಿಕೊಂಡು ಮೇಲಿನ ಚರ್ಮವನ್ನು ಒಳಕ್ಕೆ ಎಳೆಯುತ್ತದೆ. ನೀವು ಬರೆದಿರುವ ಚಿಪ್ಪಿನ ಆಕಾರವೂ ಜಗ್ಗುವ ನೋವೂ ಅಲ್ಲಿಂದಲೇ ಬರುತ್ತವೆ.

ಅಲ್ಟ್ರಾಸೌಂಡ್‌ನಲ್ಲಿ ಗೋಡೆಯ ದಪ್ಪ, ಒಳಗೆ ಅಡ್ಡಪೊರೆಗಳಿವೆಯೇ ಎಂಬುದು ಕಾಣುತ್ತದೆ. ಗೋಡೆ ತೆಳುವಿದ್ದರೆ ನೀರು ತೆಗೆದು, ಒಳಮೈಯನ್ನು ಒರಟು ಮಾಡಿ ಅಂಟಿಸುವ ಔಷಧ ಬಿಡುವ ದಾರಿಯಿದೆ. ಡಾಕ್ಸಿಸೈಕ್ಲಿನ್ ಅಂಥದ್ದೊಂದು. ಉರಿ ಜೋರಿರುವುದರಿಂದ ಜತೆಗೆ ಮರಗಟ್ಟಿಸುವ ಮದ್ದು ಕೊಡಬೇಕು. ಗೋಡೆ ದಪ್ಪವಾಗಿ ಬಲಿತಿದ್ದರೆ, ನಿಮ್ಮ ವಿವರಣೆ ನೋಡಿದರೆ ಬಲಿತಂತೆಯೇ ಕಾಣುತ್ತದೆ, ಶಸ್ತ್ರಚಿಕಿತ್ಸೆ ಮಾಡಿ ಇಡೀ ಚೀಲವನ್ನು ತೆಗೆದು, ಚರ್ಮವನ್ನು ಸ್ನಾಯುವಿನ ಪೊರೆಗೆ ಹಾಸಿಗೆಗೆ ಟಾಂಕು ಹಾಕಿದಂತೆ ಸಾಲು ಸಾಲಾಗಿ ಹೊಲಿದು ಹೊಸ ಡ್ರೈನ್ ಇಡಬೇಕಾಗುತ್ತದೆ. ಚೀಲವನ್ನು ಉಳಿಸಿ ಬರೀ ನೀರು ತೆಗೆದು ಹೊಲಿದರೆ ಮತ್ತೆ ತುಂಬುವುದು ಖಂಡಿತ ಎಂದೇ ತಿಳಿಯಿರಿ. ‘ಚೀಲ ಪೂರ್ತಿ ತೆಗೆಯುತ್ತೀರಾ, ಒಳಗೆ ಟಾಂಕು ಹಾಕುತ್ತೀರಾ’ ಎಂದು ಮುಂಚೆಯೇ ಕೇಳಿ.

ಅಲ್ಲಿಯವರೆಗೆ ಸಿಕ್ಕ ಸಿಕ್ಕ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿಸಬೇಡಿ. ಕ್ರಿಮಿಯಿಲ್ಲದೆ ಶುದ್ಧವಾಗಿದ್ದ ನೀರಿಗೆ ಸೋಂಕು ಸೇರುವುದು ಆ ಸೂಜಿಯ ದಾರಿಯಿಂದ. ಜ್ವರ, ಚರ್ಮ ಕೆಂಪು, ಮುಟ್ಟಿದರೆ ಬಿಸಿ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಆಪರೇಷನ್ ಆಗಿ ಎರಡು ವರ್ಷ. ಊತವಿಲ್ಲ. ಹೊಕ್ಕುಳಿಂದ ಬಲಕ್ಕೆ ಮೂರು ಬೆರಳು ದೂರದಲ್ಲಿ, ಒಂದೇ ಬೆರಳಲ್ಲಿ ತೋರಿಸಬಹುದಾದಷ್ಟು ಜಾಗದಲ್ಲಿ ಚುಚ್ಚುವ ನೋವು. ಬಲತೊಡೆಯ ಹೊರಬದಿ ಜೋಮು, ಒಮ್ಮೊಮ್ಮೆ ಉರಿ. ಎಂಡೋಸ್ಕೋಪಿ, ಸಿ.ಟಿ. ಎಲ್ಲ ನಾರ್ಮಲ್. ಮನಸ್ಸಿನ ಕಾಯಿಲೆ ಅನ್ನುತ್ತಿದ್ದಾರೆ.
— ಒಬ್ಬ ಶಿಕ್ಷಕಿ, ಶಿವಮೊಗ್ಗ

ಉತ್ತರ: ಬೆರಳಿಟ್ಟು ತೋರಿಸಬಹುದಾದ ನೋವು ಮನಸ್ಸಿನದ್ದಲ್ಲ ಮೇಡಂ. ನರದ್ದು ಎಂದು ಶಂಕಿಸಿ ಹುಡುಕಬೇಕು. ಸಿ.ಟಿ.ಯಲ್ಲಿ ಇಂಥ ಸಣ್ಣ ನರಗಳು ಕಾಣುವುದಿಲ್ಲ, ಎಂಡೋಸ್ಕೋಪಿಗೂ ಇದಕ್ಕೂ ಸಂಬಂಧವೇ ಇಲ್ಲ.

ಒಂದು ಪರೀಕ್ಷೆ ಇದೆ, ಯಂತ್ರ ಬೇಡ. ಅಂಗಾತ ಮಲಗಿ. ನೋವಿನ ಜಾಗಕ್ಕೆ ಬೆರಳೂರಿ ನೋವು ಬರುವಷ್ಟು ಒತ್ತಿ ಹಿಡಿಯಿರಿ. ಬೆರಳು ತೆಗೆಯದೆ ತಲೆ, ಭುಜ ಎರಡನ್ನೂ ಹಾಸಿಗೆಯಿಂದ ಎತ್ತಿ. ಸ್ನಾಯು ಗಟ್ಟಿಯಾದಾಗ ನೋವು ಹೆಚ್ಚಾದರೆ ಅಥವಾ ಅಷ್ಟೇ ಉಳಿದರೆ ತೊಂದರೆ ಹೊಟ್ಟೆಯ ಗೋಡೆಯಲ್ಲಿದೆ. ಕಡಿಮೆಯಾದರೆ ಒಳಗಿನ ಅಂಗದಲ್ಲಿದೆ, ಏಕೆಂದರೆ ಗಟ್ಟಿಯಾದ ಸ್ನಾಯು ಗುರಾಣಿಯಂತೆ ಅದನ್ನು ಮುಚ್ಚುತ್ತದೆ. ಇದನ್ನು ಕಾರ್ನೆಟ್ ಎಂಬ ಶಸ್ತ್ರವೈದ್ಯರು 1926ರಲ್ಲೇ ವಿವರಿಸಿದ್ದಾರೆ. ಒಂದು ನಿಮಿಷದ ಈ ಪರೀಕ್ಷೆ ಬಿಟ್ಟು ಸಾವಿರಾರು ರೂಪಾಯಿಯ ಸ್ಕ್ಯಾನಿಗೆ ಕಳಿಸುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಎದೆಗೂಡಿನ ಕೆಳಗಿನ ನರಗಳು ಸುತ್ತಿಬಂದು ಹೊಟ್ಟೆಯ ನೇರಸ್ನಾಯುವಿನ ಹೊರ ಅಂಚಿನ ಬಳಿ ಸಣ್ಣ ತೂತಿನಿಂದ ನೇರವಾಗಿ ತಿರುಗಿ ಚರ್ಮಕ್ಕೆ ಏರುತ್ತವೆ. ಆ ತಿರುವಿನಲ್ಲಿ ಹೊಲಿಗೆಯೋ ಗಾಯದ ನಾರೋ ನರವನ್ನು ಹಿಂಡಿದರೆ ಬೆರಳ ತುದಿಯಷ್ಟು ಜಾಗದಲ್ಲಿ ನೋವು ಕೂರುತ್ತದೆ. ಸುತ್ತಲಿನ ಚರ್ಮ ಚಿವುಟಿದರೆ ಇನ್ನೊಂದು ಪಕ್ಕಕ್ಕಿಂತ ಹೆಚ್ಚು ಉರಿಯುತ್ತದೆ, ಇಲ್ಲವೇ ಸ್ಪರ್ಶವೇ ಕಡಿಮೆಯಿರುತ್ತದೆ. ನೋವಿನ ಚಿಕಿತ್ಸೆಯ ತಜ್ಞರು ಅಲ್ಟ್ರಾಸೌಂಡ್ ನೋಡಿಕೊಂಡು ಆ ಬಿಂದುವಿಗೆ ಮರಗಟ್ಟಿಸುವ ಮದ್ದಾದ ಲಿಗ್ನೋಕೇನ್ ಕೆಲವೇ ಎಂಎಲ್ ಕೊಡುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ನೋವು ಮಾಯವಾದರೆ ಕಾಯಿಲೆ ಇದೇ ಎಂದು ಖಚಿತ. ಮದ್ದಿನ ಅವಧಿ ಮುಗಿದ ಮೇಲೂ ಕೆಲವರಿಗೆ ವಾರಗಟ್ಟಲೆ ಆರಾಮ ಉಳಿಯುತ್ತದೆ, ನೋವು ಮತ್ತೆ ಬಂದರೆ ಇಂಜೆಕ್ಷನ್ ಇನ್ನೊಮ್ಮೆ ಕೊಡಬಹುದು. ಅದರಿಂದಲೂ ನಿಲ್ಲದಿದ್ದರೆ ಸಿಕ್ಕಿಕೊಂಡ ನರವನ್ನು ಬಿಡಿಸುವ ಇಲ್ಲವೇ ಕತ್ತರಿಸುವ ಶಸ್ತ್ರಚಿಕಿತ್ಸೆಯಿದೆ. ನರನೋವಿಗೆ ಬ್ರೂಫೆನ್ ಥರದ ಮಾತ್ರೆ ಅಷ್ಟಾಗಿ ಕೇಳುವುದಿಲ್ಲ. ಅಮಿಟ್ರಿಪ್ಟಿಲಿನ್, ಪ್ರಿಗಾಬಲಿನ್‌ನಂಥವನ್ನು ಕಡಿಮೆ ಪ್ರಮಾಣದಿಂದ ಶುರುಮಾಡಿ ರಾತ್ರಿ ಕೊಡುತ್ತಾರೆ. ಅಮಿಟ್ರಿಪ್ಟಿಲಿನ್ ಚೀಟಿ ನೋಡಿ ‘ಇದು ಖಿನ್ನತೆಯ ಮಾತ್ರೆ’ ಎಂದು ಔಷಧಿ ಅಂಗಡಿಯವರು ಹೇಳಿದರೆ ಗಾಬರಿ ಬೇಡ. 10 ಮಿಲಿಗ್ರಾಂನಂಥ ಸಣ್ಣ ಪ್ರಮಾಣದಲ್ಲಿ ಅದು ನರನೋವಿನ ಮದ್ದು.

ತೊಡೆಯದು ಬೇರೆ ನರ. ಸೊಂಟದ ಮುಂಭಾಗದಲ್ಲಿ ಕೈಗೆ ಸಿಗುವ ಮೂಳೆಯ ಮೂಲೆಯ ಪಕ್ಕದಲ್ಲೇ ಇಳಿದು ತೊಡೆಯ ಹೊರಬದಿಗೆ ಹೋಗುತ್ತದೆ. ಟಮ್ಮಿ ಟಕ್‌ನ ಗೆರೆ ಎರಡೂ ತುದಿಯಲ್ಲಿ ಇದರ ನೆರೆಯಲ್ಲೇ ಮುಗಿಯುವುದರಿಂದ ಈ ಆಪರೇಷನ್‌ನಲ್ಲಿ ಹೆಚ್ಚಾಗಿ ಪೆಟ್ಟಾಗುವ ನರ ಇದು. ಸ್ಪರ್ಶಕ್ಕೆ ಮಾತ್ರ ಇರುವ ನರವಾದ್ದರಿಂದ ಕಾಲಿನ ಬಲ ಕುಗ್ಗಬಾರದು. ಮೆಟ್ಟಿಲು ಹತ್ತುವಾಗ ಮಂಡಿ ಕುಸಿಯುತ್ತಿದ್ದರೆ ಬೆನ್ನುಮೂಳೆ ತೋರಿಸಬೇಕು. ಬಿಗಿ ಲಂಗದ ಲಾಡಿ, ಸೊಂಟದ ಬೆಲ್ಟು ಆ ಮೂಳೆಯ ಮೂಲೆಯನ್ನು ಒತ್ತದಂತೆ ನೋಡಿಕೊಂಡರೆ ಅರ್ಧ ಉರಿ ತಗ್ಗುವುದುಂಟು.

ಇನ್ನೊಂದು ಮಾತು, ಇದು ಎಲ್ಲ ಓದುಗರಿಗೂ. ಆಪರೇಷನ್ ಆದ ಹೊಟ್ಟೆಯ ಕೆಳಭಾಗದಲ್ಲಿ ಸ್ಪರ್ಶ ಮರಳಲು ವರ್ಷವೇ ಹಿಡಿಯಬಹುದು, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಅಲ್ಲಿಗೆ ಬಿಸಿನೀರಿನ ಚೀಲ ಇಡಬೇಡಿ. ಬಿಸಿ ಉಪ್ಪಿನ ಗಂಟಿನ ಶಾಖವೂ ಬೇಡ. ಸುಡುವುದು ಗೊತ್ತೇ ಆಗದೆ ಬೊಬ್ಬೆ ಏಳುತ್ತದೆ. ಎಳೆದು ಹೊಲಿದ ಆ ಚರ್ಮಕ್ಕೆ ರಕ್ತದ ಹರಿವೂ ಕಡಿಮೆ, ಸುಟ್ಟರೆ ಮಾಗುವುದು ಬಹಳ ನಿಧಾನ. ಐಸ್ ಪ್ಯಾಕನ್ನೂ ನೇರವಾಗಿ ಇಡಬಾರದು.

ಪ್ರಶ್ನೆ: ಮಂಚದಿಂದ ಏಳುವಾಗ ಹೊಕ್ಕುಳ ಮೇಲೆ ಉದ್ದಕ್ಕೆ ಉಬ್ಬು ಬರುತ್ತದೆ, ಒಳಗೆ ಕಿತ್ತಂತೆ ನೋವು. ಆಪರೇಷನ್ ಆದ ತಿಂಗಳಲ್ಲೇ ಜೋರು ಕೆಮ್ಮು ಬಂದಿತ್ತು. ಒಳಗಿನ ಹೊಲಿಗೆ ಬಿಚ್ಚಿಕೊಂಡಿದೆಯೇ?
— ಆರ್., ಮೈಸೂರು

ಉತ್ತರ: ಬಿಚ್ಚಿರಬಹುದು. ಬಸಿರಿನಲ್ಲಿ ಹೊಟ್ಟೆಯ ಎರಡು ನೇರಸ್ನಾಯುಗಳು ನಡುವೆ ಅಗಲುತ್ತವೆ. ಅಂತರ 2 ಸೆಂಟಿಮೀಟರ್ ಮೀರಿದರೆ ಅಗಲಿದೆ ಎಂದು ಲೆಕ್ಕ. ಟಮ್ಮಿ ಟಕ್‌ನಲ್ಲಿ ಎದೆಮೂಳೆಯ ತುದಿಯಿಂದ ಕೆಳಗಿನ ತನಕ ಆ ಸ್ನಾಯುಗಳ ಮೇಲಿನ ಬಿಳಿ ಪೊರೆಯನ್ನು ಮಡಿಚಿ ಹೊಲಿದು ಒಂದುಗೂಡಿಸುತ್ತಾರೆ. ಪೊರೆ ಬೆಸೆದುಕೊಳ್ಳಲು ಆರು ವಾರವಾದರೂ ಬೇಕು. ಅಷ್ಟರೊಳಗೆ ಜೋರು ಕೆಮ್ಮು, ಮುಕ್ಕಿ ಮಲ ವಿಸರ್ಜನೆ, ನೀರು ತುಂಬಿದ ಬಕೆಟ್ ಎತ್ತುವುದು, ಇವು ದಾರವನ್ನು ಪೊರೆಯಿಂದ ಹರಿದುಕೊಂಡು ಬರುವಂತೆ ಮಾಡುತ್ತವೆ. ಹತ್ತು ಲೀಟರ್ ಬಕೆಟ್ ಎಂದರೆ ಹತ್ತು ಕೆ.ಜಿ., ತುಂಬಿದ ಅಡುಗೆ ಸಿಲಿಂಡರ್ ಸುಮಾರು ಮೂವತ್ತು ಕೆ.ಜಿ. ಸಾಮಾನ್ಯವಾಗಿ ಆರರಿಂದ ಎಂಟು ವಾರ ನಾಲ್ಕೈದು ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ ಎನ್ನುವುದು ಇದಕ್ಕೇ.

ಉದ್ದಕ್ಕೆ ದಿಂಡಿನಂತೆ ಎದ್ದು, ಮಲಗಿದಾಗ ಮಾಯವಾಗುವುದು ಸ್ನಾಯು ಅಗಲಿದ್ದರ ಗುರುತು. ಒಂದು ಕಡೆ ಮಾತ್ರ ನೆಲ್ಲಿಕಾಯಿಯಷ್ಟು ಗುಂಡಗೆ ಉಬ್ಬಿ ಕೆಮ್ಮಿದಾಗ ಬೆರಳಿಗೆ ತಾಗಿದರೆ ಹರ್ನಿಯಾ. ಗೋಧಿ ಕಾಳಿನಷ್ಟು ಗಟ್ಟಿ, ಯಾವಾಗಲೂ ಅಲ್ಲೇ ಇದ್ದು ಒತ್ತಿದರೆ ಚುಚ್ಚುವುದು ಕರಗದ ದಾರದ ಗಂಟು. ಅದನ್ನು ಸ್ಥಳೀಯ ಅರಿವಳಿಕೆಯಲ್ಲಿ ಸಣ್ಣ ಗಾಯ ಮಾಡಿ ತೆಗೆಯಬಹುದು. ಮಲಗಿ ಮಾಡಿದ ಸ್ಕ್ಯಾನ್‌ನಲ್ಲಿ ಹರ್ನಿಯಾ ತಪ್ಪಿಹೋಗುತ್ತದೆ. ನಿಲ್ಲಿಸಿ, ಕೆಮ್ಮಿಸಿ, ಉಸಿರು ಬಿಗಿಹಿಡಿಸಿ ಅಲ್ಟ್ರಾಸೌಂಡ್ ಮಾಡಲು ಹೇಳಿ. ಹರ್ನಿಯಾ ಇದ್ದರೆ ಬಲೆ (ಮೆಶ್) ಇಟ್ಟು ಸರಿಪಡಿಸುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸ್ನಾಯು ಅಗಲಿದ್ದಷ್ಟೇ ಆದರೆ ಅವಸರವಿಲ್ಲ. ಹೊಟ್ಟೆಯ ಒಳಪದರದ ಸ್ನಾಯುವಿಗೆ ಫಿಸಿಯೋಥೆರಪಿ ಮಾಡಿ ಕೆಲವು ತಿಂಗಳು ನೋಡಬಹುದು. ಏಳುವಾಗ ನೇರ ಏಳದೆ ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಕೈಯೂರಿ ಏಳಿ. ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ ನಿಂತು, ವಾಂತಿ ಶುರುವಾಗಿ, ವಾಯು ಹೋಗುವುದು ನಿಂತರೆ ಕರುಳು ಸಿಕ್ಕಿಹಾಕಿಕೊಂಡಿದೆ. ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೊರಡಿ.

ಪ್ರಶ್ನೆ: ಗಾಯದ ಗೆರೆಯ ಎಡತುದಿಯ ಹತ್ತಿರ ಒಂದು ಗಂಟು. ತಿಂಗಳಲ್ಲಿ ನಾಲ್ಕೈದು ದಿನ ಮಾತ್ರ ವಿಪರೀತ ನೋವು. ಮುಟ್ಟಿನ ಹಿಂದಿನ ದಿನ ಶುರು.
— ಹೆಸರು ಬೇಡ, ಹಾಸನ

ಉತ್ತರ: ನಿಮಗೆ ಸಿಸೇರಿಯನ್ ಆಗಿದೆಯೇ ಎಂದು ಬರೆದಿಲ್ಲ. ಆಗಿದ್ದರೆ ಇದು ಗಾಯದ ಎಂಡೋಮೆಟ್ರಿಯೋಸಿಸ್ ಇರಬಹುದು. ಸಿಸೇರಿಯನ್ ಮಾಡುವಾಗ ಗರ್ಭಕೋಶದ ಒಳಪದರದ ಕಣಗಳು ಗಾಯದಲ್ಲಿ ಉಳಿದು ಬೇರುಬಿಡುತ್ತವೆ, ಪ್ರತಿ ಮುಟ್ಟಿಗೂ ಅಲ್ಲೇ ಊದಿ ಒಸರುತ್ತವೆ. ಟಮ್ಮಿ ಟಕ್‌ನಲ್ಲಿ ಹಳೆಯ ಸಿಸೇರಿಯನ್ ಗಾಯದ ಚರ್ಮ ಸಾಮಾನ್ಯವಾಗಿ ಹೋಗುತ್ತದೆ, ಆದರೆ ಕೆಳಗಿನ ಪೊರೆಯಲ್ಲಿ, ಸ್ನಾಯುವಿನಲ್ಲಿ ಇದ್ದದ್ದು ಉಳಿಯುತ್ತದೆ. ಹೊಲಿಗೆ ಗಂಟು, ಸತ್ತ ಕೊಬ್ಬಿನ ಗಂಟು ಎಂದು ತಪ್ಪಾಗಿ ತಿಳಿಯುವುದು ಬಹಳ. ಅವಕ್ಕೆ ತಿಂಗಳ ಲೆಕ್ಕ ಗೊತ್ತಿಲ್ಲ, ಇದಕ್ಕೆ ಗೊತ್ತು. ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ನೋವಿನ ದಿನ ಎರಡನ್ನೂ ಗುರುತು ಹಾಕಿಕೊಂಡು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಅಲ್ಟ್ರಾಸೌಂಡನ್ನು ನೋವಿರುವ ದಿನಗಳಲ್ಲೇ ಮಾಡಿಸಿ. ಸುತ್ತಲಿನ ಒಳ್ಳೆಯ ಅಂಗಾಂಶವನ್ನೂ ಸುಮಾರು ಒಂದು ಸೆಂಟಿಮೀಟರ್ ಸೇರಿಸಿ ಗಂಟು ತೆಗೆದರೆ ಬಹುತೇಕ ವಾಸಿ. ಹಾರ್ಮೋನ್ ಮಾತ್ರೆ ನೋವು ತಗ್ಗಿಸುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ.

ಪ್ರಶ್ನೆ: ದುಬೈನಲ್ಲಿದ್ದೇನೆ. ರಜೆಯಲ್ಲಿ ಊರಿಗೆ ಬಂದಾಗ ಟಮ್ಮಿ ಟಕ್ ಮಾಡಿಸಿಕೊಂಡು ಮೂರೇ ವಾರಕ್ಕೆ ವಾಪಸಾದೆ. ಎರಡನೇ ತಿಂಗಳಿಂದ ಗಾಯದ ಗೆರೆಯಲ್ಲಿ ಸಣ್ಣ ಸಣ್ಣ ಗಂಟು, ನೇರಳೆ ಬಣ್ಣ, ಒಡೆದರೆ ತೆಳು ನೀರು. ಆಂಟಿಬಯಾಟಿಕ್ ನಾಲ್ಕು ಕೋರ್ಸ್ ಆಯಿತು. ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ.
— ಕುಂದಾಪುರದ ಓದುಗರು

ಉತ್ತರ: ‘ಏನೂ ಬೆಳೆದಿಲ್ಲ’ ಎಂಬ ವರದಿಯೇ ಇಲ್ಲಿ ಸುಳಿವು. ಮಾಮೂಲು ಕಲ್ಚರನ್ನು, ಅಂದರೆ ಮಾದರಿಯಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯನ್ನು, ಎರಡು ಮೂರು ದಿನಕ್ಕೆ ಮುಗಿಸುತ್ತಾರೆ. ಕ್ಷಯದ ಕುಲಕ್ಕೆ ಸೇರಿದ, ಆದರೆ ಕ್ಷಯವಲ್ಲದ ಕೆಲವು ಮೈಕೋಬ್ಯಾಕ್ಟೀರಿಯಾಗಳು ಬೆಳೆಯಲು ಅಷ್ಟು ಸಾಲದು. ಅಬ್ಸೆಸಸ್, ಕೀಲೋನೆ, ಫಾರ್ಚುಯಿಟಮ್ ಎಂಬವು ಇವುಗಳಲ್ಲಿ ಮುಖ್ಯ. ನಲ್ಲಿ ನೀರಿನಲ್ಲೂ ಬದುಕುತ್ತವೆ. ಉಪಕರಣಗಳನ್ನು ಸರಿಯಾಗಿ ಕ್ರಿಮಿಶುದ್ಧಿ ಮಾಡದೆ, ನಲ್ಲಿ ನೀರಿನಲ್ಲಿ ತೊಳೆದು ಬಳಸಿದಾಗ ಗಾಯಕ್ಕೆ ಸೇರುತ್ತವೆ. ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿ ಟಮ್ಮಿ ಟಕ್‌ನಂಥ ಸೌಂದರ್ಯ ಚಿಕಿತ್ಸೆ ಮಾಡಿಸಿಕೊಂಡು ಮರಳಿದ ಅಮೆರಿಕದ ಮಹಿಳೆಯರಲ್ಲಿ 2003-04ರಲ್ಲಿ ಇದೇ ಅಬ್ಸೆಸಸ್ ಸೋಂಕು ಸಾಲಾಗಿ ಕಾಣಿಸಿತ್ತು. ಅವರಿಗೂ ಮನೆ ಸೇರಿದ ಮೇಲೆಯೇ ಗಂಟು ಎದ್ದದ್ದು.

ಹತ್ತಿಯ ಕಡ್ಡಿಯಲ್ಲಿ ಒರೆಸಿದ ಮಾದರಿ ಸಾಲದು. ಗಂಟಿನ ಅಂಗಾಂಶದ ತುಣುಕನ್ನೋ ಸೂಜಿಯಲ್ಲಿ ಎಳೆದ ದ್ರವವನ್ನೋ ಎ.ಎಫ್.ಬಿ. ಕಲ್ಚರಿಗೆ (ಮೈಕೋಬ್ಯಾಕ್ಟೀರಿಯಾ ಗುಂಪನ್ನು ಹುಡುಕುವ ಪರೀಕ್ಷೆ) ಕಳಿಸಲು, ತಳಿ ಯಾವುದು, ಯಾವ ಮದ್ದಿಗೆ ಬಗ್ಗುತ್ತದೆ ಎಂದೂ ನೋಡಲು ಹೇಳಿ. ‘ಎ.ಎಫ್.ಬಿ. ಪಾಸಿಟಿವ್’ ಎಂದು ಬಂದ ಕೂಡಲೇ ಟಿ.ಬಿ.ಯ ನಾಲ್ಕು ಮಾತ್ರೆಗಳ ಕೋರ್ಸ್ ಶುರುಮಾಡುವುದು ನಮ್ಮಲ್ಲಿ ಆಗುವ ದೊಡ್ಡ ತಪ್ಪು. ಬೇಗ ಬೆಳೆಯುವ ಈ ತಳಿಗಳಿಗೆ ಆ ಮಾತ್ರೆಗಳು ನಾಟುವುದಿಲ್ಲ. ಕ್ಲಾರಿಥ್ರೋಮೈಸಿನ್, ಅಮಿಕಾಸಿನ್‌ನಂಥ ಮದ್ದುಗಳನ್ನು ತಳಿ ನೋಡಿ ಜೋಡಿಸಿ, ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಕೊಡುತ್ತಾರೆ. ಅಮಿಕಾಸಿನ್ ನಡೆಯುವಾಗ ಕಿಡ್ನಿ, ಕಿವಿಯ ಪರೀಕ್ಷೆ ತಪ್ಪಿಸಬಾರದು. ಸೋಂಕು ರೋಗಗಳ ತಜ್ಞರ ಕೈಯಲ್ಲೇ ಇದು ಆಗಬೇಕು.

ಪ್ರಯಾಣದ ಬಗ್ಗೆಯೂ ಹೇಳಬೇಕು. ಸೌಂದರ್ಯ ಶಸ್ತ್ರಚಿಕಿತ್ಸೆಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಟಮ್ಮಿ ಟಕ್‌ಗೆ ಹೆಚ್ಚು. ಮೊದಲ ವಾರಗಳಲ್ಲಿ ಒಂದೇ ಕಾಲು ಊದಿ ಮೀನಖಂಡ ನೋಯುವುದು, ಏಕಾಏಕಿ ಉಸಿರು ಸಿಕ್ಕದಿರುವುದು, ಎದೆ ಚುಚ್ಚುವುದು ಇವಕ್ಕೆ ಬೆಳಗಾಗುವವರೆಗೂ ಕಾಯಬಾರದು.

ಪ್ರಶ್ನೆ: ನನ್ನ ಅಕ್ಕನಿಗೆ 56. ಟಮ್ಮಿ ಟಕ್ ಆಗಿ ಆರು ವರ್ಷ, ಏನೂ ತೊಂದರೆ ಇರಲಿಲ್ಲ. ಎರಡು ತಿಂಗಳಿಂದ ಹೊಟ್ಟೆ ಉಬ್ಬರ ಇಳಿಯುತ್ತಲೇ ಇಲ್ಲ. ಎರಡು ತುತ್ತಿಗೆ ಹೊಟ್ಟೆ ತುಂಬುತ್ತದೆ ಅನ್ನುತ್ತಾಳೆ. ಹಳೆಯ ಆಪರೇಷನ್ನಿನದ್ದೇ ಇರಬಹುದೇ?
— ಮಂಡ್ಯ

ಉತ್ತರ: ಇಲ್ಲ ಎಂದೇ ತಿಳಿದು ಈ ವಾರವೇ ಕರೆದುಕೊಂಡು ಹೋಗಿ. ಆರು ವರ್ಷ ಸುಮ್ಮನಿದ್ದ ಹೊಟ್ಟೆ ಹೊಸದಾಗಿ ಉಬ್ಬಿದರೆ ಅದಕ್ಕೆ ಹೊಸ ಕಾರಣವಿರುತ್ತದೆ. ಐವತ್ತು ದಾಟಿದ ಹೆಣ್ಣುಮಕ್ಕಳಲ್ಲಿ ಬಿಡದ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗುವುದು ಅಂಡಾಶಯದ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು. ಈ ಕ್ಯಾನ್ಸರಿನಲ್ಲಿ ಏರಬಹುದಾದ ಪ್ರೋಟೀನನ್ನು ಅಳೆಯುವ ಸಿ.ಎ. 125 ರಕ್ತಪರೀಕ್ಷೆ, ಕೆಳಹೊಟ್ಟೆಯ ಅಲ್ಟ್ರಾಸೌಂಡ್ ಎರಡೂ ಆಗಲಿ. ಗ್ಯಾಸಿನ ಮಾತ್ರೆ ನುಂಗುತ್ತಾ ಇನ್ನೊಂದು ತಿಂಗಳು ಕಳೆಯಬೇಡಿ.

ಪ್ರಶ್ನೆ: ಬೇರೆ ವೈದ್ಯರ ಅಭಿಪ್ರಾಯ ಕೇಳಬೇಕೆಂದಿದ್ದೇನೆ. ಏನೇನು ಕಾಗದ ಒಯ್ಯಬೇಕು? ಆಸ್ಪತ್ರೆಯವರು ಡಿಸ್ಚಾರ್ಜ್ ಹಾಳೆ ಮಾತ್ರ ಕೊಟ್ಟಿದ್ದಾರೆ.
— ಬೆಳಗಾವಿ

ಉತ್ತರ: ಡಿಸ್ಚಾರ್ಜ್ ಹಾಳೆಯಲ್ಲಿ ‘ಟಮ್ಮಿ ಟಕ್ ಮಾಡಲಾಯಿತು’ ಎಂದು ಒಂದು ಸಾಲಿರುತ್ತದೆ. ಎರಡನೇ ವೈದ್ಯರಿಗೆ ಬೇಕಾದದ್ದು ಆಪರೇಷನ್ ನೋಟ್. ಸ್ನಾಯು ಹೊಲಿದಿದ್ದಾರೆಯೇ, ಕರಗುವ ದಾರವೋ ಕರಗದ್ದೋ, ಲೈಪೋಸಕ್ಷನ್ ಎಲ್ಲೆಲ್ಲಿ ಎಷ್ಟು, ಹರ್ನಿಯಾ ಕಂಡಿತ್ತೇ, ಬಲೆ ಇಟ್ಟರೇ, ಡ್ರೈನ್ ಎಷ್ಟು, ಯಾವಾಗ ತೆಗೆದರು, ಎಲ್ಲವೂ ಅದರಲ್ಲಿರಬೇಕು. ತೆಗೆದ ಅಂಗಾಂಶವನ್ನು ಪರೀಕ್ಷೆಗೆ ಕಳಿಸಿದ್ದರೆ ಅದರ ವರದಿಯನ್ನೂ ಕೇಳಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಬೇಡಿ, ಎರಡು ಪ್ರತಿಯಲ್ಲಿ ಅರ್ಜಿ ಬರೆದು ಒಂದಕ್ಕೆ ‘ತಲುಪಿದೆ’ ಎಂದು ಮೊಹರು, ತಾರೀಖು ಹಾಕಿಸಿಕೊಳ್ಳಿ. ಮೂರು ವರ್ಷ ಹತ್ತಿರವಾಗಿದ್ದರೆ ಇಂದೇ ಕೊಡಿ.

ತೋರಿಸುವುದು ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿಯ ಪ್ಲಾಸ್ಟಿಕ್ ಸರ್ಜನ್ ಆಗಿರಲಿ. ಸಂಜೆಯ ಊತವಿದ್ದರೆ ಸಂಜೆಯ ಹೊತ್ತಿಗೇ ಹೋಗಿ. ಬೆಳಿಗ್ಗೆ ಹತ್ತಕ್ಕೆ ಹೋದರೆ ಚಪ್ಪಟೆ ಹೊಟ್ಟೆ ನೋಡಿ ‘ಏನೂ ಇಲ್ಲವಲ್ಲ’ ಎಂದು ಕಳಿಸುತ್ತಾರೆ. ಅದಾಗದಿದ್ದರೆ ಒಂದೇ ಗೋಡೆಯೆದುರು ಪಕ್ಕಕ್ಕೆ ನಿಂತು, ಬೆಳಿಗ್ಗೆ ಒಂದು ಸಂಜೆ ಒಂದು ಫೋಟೊ ತೆಗೆದುಕೊಂಡು ಹೋಗಿ. ನೋವಿನ ಬಿಂದುವಿದ್ದರೆ ಮನೆಯಿಂದ ಹೊರಡುವ ಮುಂಚೆಯೇ ಪೆನ್ನಿನಿಂದ ಚರ್ಮದ ಮೇಲೆ ಸುತ್ತು ಹಾಕಿಕೊಳ್ಳಿ. ಆ ದಿನ ಬೆಳಿಗ್ಗೆ ನೋವಿನ ಮಾತ್ರೆ ನುಂಗದಿರುವುದು ಒಳ್ಳೆಯದು, ಇಲ್ಲದಿದ್ದರೆ ಬೆರಳಿಟ್ಟಾಗ ಜಾಗ ಸಿಗುವುದಿಲ್ಲ.